ಲ್ಯಾಂಕಾಸ್ಟರ್‌ನ ಹಾನ್ಸ್ ಹೆರ್ ಹೌಸ್, ನಮ್ಮ ಮಲೆನಾಡಿನವರು ನೋಡಲೇಬೇಕಾದ ಕಲ್ಲಿನ ಮನೆ

ಮಕ್ಕಳನ್ನ ನೋಡೋಕೆ ಅಂತ ಅಮೆರಿಕಾಗೆ ಹೋಗೋ ನಮ್ಮ ಚಿಕ್ಕಮಗಳೂರು ಕಡೆಯವರು ನಯಾಗರ, ನ್ಯೂಯಾರ್ಕ್ ಮುಗಿಸಿ ವಾಪಸ್ ಬಂದ್ಬಿಡ್ತಾರೆ, ಪೆನ್ಸಿಲ್ವೇನಿಯಾಲಿ ಇರೋದಾದ್ರೆ ದಯವಿಟ್ಟು ಲ್ಯಾಂಕಾಸ್ಟರ್ ಹತ್ರದ ಹಾನ್ಸ್ ಹೆರ್ ಹೌಸ್‌ಗೆ ಅರ್ಧ ದಿನ ಇಟ್ಕೊಳ್ಳಿ. 1719ರಲ್ಲಿ ಕಟ್ಟಿದ್ದು, ಆ ಕೌಂಟಿಲಿ (ನಮ್ಮ ಜಿಲ್ಲೆ ಥರ) ಈಗ ಉಳ್ಕೊಂಡಿರೋ ಮನೆಗಳಲ್ಲೇ ಹಳೇದು. ಇಲ್ಲಿ ಕೊಪ್ಪ ಶೃಂಗೇರಿ ಕಡೆ ಕೆಳದಿ ನಾಯಕರು ಆಳ್ತಿದ್ದ ಕಾಲ ಅದು! ಜರ್ಮನಿ ಕಡೆಯಿಂದ ಬಂದು ನೆಲೆಸಿದ ಮೆನೊನೈಟ್ ಅನ್ನೋ ಕ್ರೈಸ್ತ ಪಂಗಡದ ಕುಟುಂಬದ ಮನೆ, ಹೆಸರು ಅಪ್ಪ ಹಾನ್ಸ್‌ದು, ಕಟ್ಟಿದ್ದು ಮಗ ಕ್ರಿಸ್ಟಿಯನ್. ಬಾಗಿಲ ಮೇಲಿನ ಅಡ್ಡಗಲ್ಲಲ್ಲಿ ಇಸವಿನೂ ಅವನ ಹೆಸರಿನ ಅಕ್ಷರಗಳೂ ಕೆತ್ತಿವೆ, ಪ್ರಾರ್ಥನೆಗೂ ಎಲ್ರೂ ಇದೇ ಮನೇಲಿ ಸೇರ್ತಿದ್ರಂತೆ.

ಹೊರಗಿಂದ ನೋಡಿದ್ರೆ ಮರಳುಗಲ್ಲಿನ ದಪ್ಪ ಗೋಡೆ, ಸಣ್ಣ ಸಣ್ಣ ಕಿಟಕಿ, ಕಡಿದಾದ ಮಾಡು, ಅದರೊಳಗೆ ಎರಡು ಅಂತಸ್ತಿನ ಅಟ್ಟ. ಅಷ್ಟೇ ನೋಡಿ ಫೋಟೋ ತಕ್ಕೊಂಡು ಹೊರಡಬೇಡಿ, ಟಿಕೆಟ್ ತಗೊಂಡು ಗೈಡ್ ಜೊತೇಲೇ ಒಳಗೆ ಹೋಗಿ, ನನಗೆ ತುಂಬಾ ಇಷ್ಟ ಆಗಿದ್ದು ಇರೋದೇ ಒಳಗೆ. ಕೂರೋ ಕೋಣೆಲಿ ಕಬ್ಬಿಣದ ಹಲಗೆಗಳನ್ನ ಜೋಡಿಸಿ ಮಾಡಿದ ಪೆಟ್ಟಿಗೆ ಥರದ ಒಲೆ ಇದೆ, ಅದಕ್ಕೆ ಆ ಕೋಣೆ ಕಡೆ ಬಾಯೇ ಇಲ್ಲ, ಗೋಡೆ ಆಚೆ ಇರೋ ಅಡುಗೆಮನೆ ಕಡೆಯಿಂದ ಕೆಂಡ ತುಂಬೋದು, ಥೇಟ್ ನಮ್ಮ ಬಚ್ಚಲ ಹಂಡೆಗೆ ಹೊರಗಿಂದ ಉರಿ ಹಾಕ್ತೀವಲ್ಲ ಹಾಗೆ. ಹೊಗೆ, ಬೂದಿ ಎಲ್ಲಾ ಅಡುಗೆಮನೆಲೇ ಉಳಿಯುತ್ತೆ, ಈ ಕಡೆ ಬರೀ ಬೆಚ್ಚಗೆ. ಹಿಮ ಬೀಳೋ ಊರಲ್ಲಿ ಮಕ್ಕಳು ಮರಿ ಮುದುಕರು ಎಲ್ಲಾ ಚಳಿಗಾಲ ಕಳೀಬೇಕಲ್ಲ, ಎಷ್ಟು ಯೋಚನೆ ಮಾಡಿ ಕಟ್ಟಿದಾರೆ ನೋಡಿ.

1860ರ ದಶಕದಲ್ಲಿ ಈ ಮನೇಲಿ ವಾಸ ನಿಂತುಹೋಯ್ತು, ಆಮೇಲೆ ಕೊಟ್ಟಿಗೆ ಮಾಡ್ಕೊಂಡ್ರು, ಸಾಮಾನು ತುಂಬಿಟ್ರು, ಹಾಗೇ ನೂರು ವರ್ಷ ಹೋಯ್ತು. ಆದ್ರೂ ಕೆಡವಲಿಲ್ಲ, 1970ರ ದಶಕದಲ್ಲಿ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ರು. ಇದನ್ನ ಕೇಳ್ದಾಗ ನಮ್ಮ ಕಡೆ ತೊಟ್ಟಿಮನೆಗಳನ್ನ ಬಿಚ್ಚಿ ಕಂಬ ಬೇರೆ ಬಾಗಿಲು ಬೇರೆ ಮಾಡಿ ಮಾರ್ತಿರೋದು ನೆನಪಾಗಿ ಹೊಟ್ಟೆ ಉರೀತು. ಹಳೇ ಮನೇನ ಹೋಂಸ್ಟೇ ಮಾಡಿರೋರಿಗೆ ನನ್ನದೊಂದು ಮನವಿ, ಈ ಮನೆ ಯಾರು ಕಟ್ಟಿದ್ದು, ಪತ್ತಾಯ ಎಲ್ಲಿತ್ತು, ಬಾಣಂತಿ ಕೋಣೆ ಯಾವುದು ಅಂತ ಬಂದೋರಿಗೆ ಹೇಳೋಕೆ ಮನೆ ಹಿರಿಯರೊಬ್ಬರನ್ನ ಕೂರಿಸಿ, ಬರೀ ಕ್ಯಾಂಪ್‌ಫೈರ್ ಹಾಕಿದ್ರೆ ಸಾಲಲ್ಲ.

ಅದೇ ಜಾಗದಲ್ಲಿ ಅಲ್ಲಿನ ಮೂಲನಿವಾಸಿಗಳ ಉದ್ದನೆ ಮನೆಯ ಮಾದರಿನೂ ಕಟ್ಟಿದಾರೆ, 2013ರಲ್ಲಿ ಶುರುವಾಗಿದ್ದು, ಅದನ್ನ ಬಿಡಬೇಡಿ, ಜರ್ಮನ್ನರು ಬರೋ ಮುಂಚೆ ಆ ನೆಲದಲ್ಲಿ ಯಾರಿದ್ರು ಅನ್ನೋದು ಅಲ್ಲಿ ಗೊತ್ತಾಗುತ್ತೆ. ಫಿಲಡೆಲ್ಫಿಯಾದಿಂದ ಕಾರಲ್ಲಿ ಒಂದೂವರೆ ಗಂಟೆ ಚಿಲ್ಲರೆ. ಚಳಿಗಾಲದಲ್ಲಿ ಮುಚ್ಚಿರುತ್ತೆ, ಸಮಯ ನೋಡ್ಕೊಂಡೇ ಹೊರಡಿ.