ರಬ್ಬರ್ ದೋಣಿಗೆ ಮೋಟಾರ್ ಕೊಳ್ಳುವವರೇ, ಎಚ್‌ಪಿ ಕೇಳುವ ಮುಂಚೆ ಶಾಫ್ಟ್ ಅಳೆಯಿರಿ

ಗಾಳಿ ತುಂಬಿಸುವ ರಬ್ಬರ್ ದೋಣಿಗೆ, ಹಿಂಬದಿಗೆ ಸಿಕ್ಕಿಸುವ ಒಂದು ಸಣ್ಣ ಔಟ್‌ಬೋರ್ಡ್ ಮೋಟಾರ್ ತಗೊಳ್ಳೋಣ ಅಂತ ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದೇ ‘ಎಷ್ಟು ಎಚ್‌ಪಿ?’ ಅಂತ. ಅಂಗಡಿಯವರಿಗೂ ಅದೇ ಬೇಕು. ಎಚ್‌ಪಿ ಏರಿದ ಹಾಗೆ ಬಿಲ್ಲೂ ಏರುತ್ತೆ, ಅಲ್ವಾ? ನಮಗೆ ಎಚ್‌ಪಿ ವಿಷಯದಲ್ಲಿ ಮೋಸ ಆಗಲಿಲ್ಲ. ಶಾಫ್ಟಿನ, ಅಂದರೆ ಮೋಟಾರಿನಿಂದ ನೀರಿಗೆ ಇಳಿಯುವ ಕಾಲಿನ, ಉದ್ದದಲ್ಲಿ ಆಯಿತು. ಮಕ್ಕಳನ್ನು ಕೂರಿಸಿಕೊಂಡು ನೀರಿಗೆ ಇಳಿಯುವವರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು 2.7 ಮೀಟರ್ ಉದ್ದದ ದೋಣಿ. ಹಿಂದೆ ಮೋಟಾರ್ ಕೂರಿಸಲು ಗಟ್ಟಿ ಹಲಗೆ ಇದೆ. ಆ ಹಲಗೆಯ ಪಕ್ಕದಲ್ಲಿ ಕಂಪನಿಯವರು ಅಂಟಿಸಿರುವ ಪಟ್ಟಿಯಲ್ಲಿ ಗರಿಷ್ಠ 4 ಎಚ್‌ಪಿ ಅಂತ ಬರೆದಿದೆ. ಎಷ್ಟು ಜನ ಕೂರಬಹುದು, ಒಟ್ಟು ಎಷ್ಟು ಭಾರ ಹಾಕಬಹುದು ಅನ್ನುವುದೂ ಅದರಲ್ಲೇ ಇರುತ್ತೆ. ಅಂಗಡಿಯವನು ಮೊದಲು ತೋರಿಸಿದ್ದು 6 ಎಚ್‌ಪಿ. ‘4, 5, 6 ಮೂರೂ ಒಂದೇ ಎಂಜಿನ್ ಸಾರ್, ತೂಕವೂ ಒಂದೇ. ಸುಮ್ನೆ ದೊಡ್ಡದೇ ತಗೊಳ್ಳಿ’ ಅಂದ. ಹಲವು ಕಂಪನಿಗಳ ಮಟ್ಟಿಗೆ ಆ ಮಾತು ನಿಜವೇ. ಆದರೆ ಹಿಂದಿನ ಹಲಗೆ ರಬ್ಬರ್ ಕೊಳವೆಗಳಿಗೆ ಅಂಟಿನಿಂದ ನಿಂತಿರುತ್ತೆ. ಅದಕ್ಕೆ ತಡೆಯುವ ಎಳೆತಕ್ಕೂ ಒಂದು ಮಿತಿ ಇದೆ. ಮೇಲಾಗಿ ಆ ಮೋಟಾರ್‌ಗಳು 25 ಕಿಲೋ ದಾಟುತ್ತವೆ. ಕಾರಿನಿಂದ ನೀರಿನವರೆಗೆ ಹೊತ್ತು ನೋಡಿ, ಆಮೇಲೆ ಎಚ್‌ಪಿ ಮಾತಾಡೋಣ.

ಹಾಗಾಗಿ 3.5 ಎಚ್‌ಪಿಯ ಫೋರ್ ಸ್ಟ್ರೋಕ್ ಕೇಳಿದೆವು. ಹತ್ತೊಂಬತ್ತು ಕಿಲೋ ಆಸುಪಾಸು. ದೋಣಿಯ ಮಾಡೆಲ್ ಹೇಳಿದೆವು, ಫೋಟೋ ತೋರಿಸಿದೆವು. ‘ಪಕ್ಕಾ ಕೂರುತ್ತೆ’ ಅಂದ. ಕೂತಿತು ಅನ್ನಿ! ಮೋಟಾರನ್ನು ಬಿಗಿಯುವ ತಿರುಪಿನ ಹಿಡಿಕೆ, ಅಂದರೆ ಕ್ಲಾಂಪ್, ಯಾವ ಹಲಗೆ ಮೇಲೆ ಬೇಕಾದರೂ ಕೂರುತ್ತೆ. ಅವನ ಬಳಿ ಉಳಿದಿದ್ದದ್ದು ಲಾಂಗ್ ಶಾಫ್ಟ್, ಅದನ್ನೇ ಸಾಗಹಾಕಿದ. ಮನೆಗೆ ತಂದ ಮೇಲೆ ‘ಇದು ಯಾಕೋ ಉದ್ದ ಕಾಣ್ತಿದೆ’ ಅಂತ ನನ್ನ ಹೆಂಡತಿಗೆ ಅನುಮಾನ ಬಂದು ಫೋನ್ ಮಾಡಿದಳು. ‘ಉದ್ದ ಇದ್ರೆ ಒಳ್ಳೇದೇ ಮೇಡಂ, ಪ್ರೊಪೆಲ್ಲರ್ ಯಾವಾಗ್ಲೂ ನೀರಲ್ಲೇ ಇರುತ್ತೆ’ ಅಂತ ಉತ್ತರ ಬಂತು.

ಇದು ಶುದ್ಧ ಸುಳ್ಳು. ಸಣ್ಣ ಮೋಟಾರ್‌ಗಳು ಸಾಮಾನ್ಯವಾಗಿ ಎರಡು ಉದ್ದದಲ್ಲಿ ಬರುತ್ತವೆ. ಶಾರ್ಟ್ ಅಂದರೆ 15 ಇಂಚು, ಸುಮಾರು 38 ಸೆಂ.ಮೀ. ಲಾಂಗ್ ಅಂದರೆ 20 ಇಂಚು, ಸುಮಾರು 51 ಸೆಂ.ಮೀ. ಚಿಕ್ಕ ರಬ್ಬರ್ ದೋಣಿಗಳ ಹಲಗೆ ಬಹುತೇಕ ಶಾರ್ಟ್ ಶಾಫ್ಟಿಗೆ ಮಾಡಿದ್ದು. ಪ್ರೊಪೆಲ್ಲರಿನ ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ಪ್ಲೇಟ್ ಕಾಣುತ್ತೆ ನೋಡಿ. ಅದು ದೋಣಿಯ ತಳಕ್ಕೆ ಸಮನಾಗಿ ಅಥವಾ ಎರಡು ಮೂರು ಸೆಂ.ಮೀ. ಕೆಳಗೆ ಇರಬೇಕು. ಇದಕ್ಕಿಂತ ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ಕಿರುಚುತ್ತೆ. ತುಂಬಾ ಕೆಳಗಿದ್ದರೆ ಮೋಟಾರಿನ ಕಾಲು ನೀರಿಗೆ ಅಡ್ಡವಾಗಿ ದೋಣಿಯನ್ನು ಹಿಂದಕ್ಕೆ ಎಳೆಯುತ್ತೆ, ನೀರು ಕಾಲಿನ ಮೇಲೆ ಹತ್ತಿ ಒಳಗೆ ಎರಚುತ್ತೆ. ತಳ್ಳುವ ಬಲ ಆಳದಿಂದ ಬರುವುದರಿಂದ ದೋಣಿಯ ಮೂತಿ ಮೇಲೇಳುತ್ತೆ, ಹಲಗೆಯ ಅಂಟಿನ ಮೇಲೂ ಭಾರ ಬೀಳುತ್ತೆ.

ನೀರಿಗೆ ಇಳಿದ ದಿನ ಇದೆಲ್ಲ ಒಟ್ಟಿಗೇ ಆಯಿತು. ಥ್ರಾಟಲ್ ಸ್ವಲ್ಪ ತಿರುಗಿಸಿದ ಕೂಡಲೇ ಮೂತಿ ಎದ್ದಿತು. ‘ಅಪ್ಪಾ, ಮುಂದೆ ಏನೂ ಕಾಣ್ತಿಲ್ಲ’ ಅಂದ ಮಗ. ಇಬ್ಬರೂ ಮಕ್ಕಳನ್ನು ಮುಂದಕ್ಕೆ ಸರಿಸಿ ಕೂರಿಸಿದರೂ ಅಷ್ಟಕ್ಕಷ್ಟೇ. ನನ್ನ ಪ್ಯಾಂಟ್ ಮೊಣಕಾಲವರೆಗೆ ಒದ್ದೆ. ದಡದ ಹತ್ತಿರ ತಿರುಗುವಾಗ ಕೆಳಗೆ ಠಣ್ ಅಂತು. ಮೋಟಾರ್ ಒಂದು ಸಲ ಒದರಿ ಎದ್ದು ಕೂತಿತು. ಆಮೇಲೆ ಎಂಜಿನ್ ಜೋರಾಗಿ ಕೂಗುತ್ತಿದೆ, ದೋಣಿ ಮಾತ್ರ ಕದಲುತ್ತಿಲ್ಲ. ಶಿಯರ್ ಪಿನ್ ಮುರಿದಿತ್ತು. ಪ್ರೊಪೆಲ್ಲರ್ ಕಲ್ಲಿಗೆ ತಾಗಿದರೆ ಒಳಗಿನ ಗೇರ್ ಉಳಿಯಲಿ ಅಂತಲೇ ಮುರಿಯುವಂತೆ ಮಾಡಿರುವ ಪುಟ್ಟ ಪಿನ್ ಅದು. ಅಂದರೆ ಪಿನ್ ತನ್ನ ಕೆಲಸ ಮಾಡಿತ್ತು. ಶಾರ್ಟ್ ಶಾಫ್ಟ್ ಆಗಿದ್ದರೆ ಪ್ರೊಪೆಲ್ಲರ್ ಐದು ಇಂಚಿನಷ್ಟು ಮೇಲಿರುತ್ತಿತ್ತು, ಆ ಕಲ್ಲಿನ ಮೇಲೆ ಹಾಯಾಗಿ ದಾಟಿ ಹೋಗುತ್ತಿದ್ದೆವು.

ಇನ್ನು ಗಾಳಿ. ರಬ್ಬರ್ ದೋಣಿ ನೀರಿನೊಳಗೆ ಕೂರುವುದೇ ಕಡಿಮೆ, ಮೇಲಿರುವುದೇ ಜಾಸ್ತಿ. ಮೋಟಾರ್ ನಿಂತರೆ ಒಣಗಿದ ಎಲೆಯ ಹಾಗೆ ಗಾಳಿ ತಳ್ಳಿದ ಕಡೆಗೆ ಹೋಗುತ್ತೆ. ನಮ್ಮನ್ನೂ ದಡದಿಂದ ದೂರಕ್ಕೇ ತಳ್ಳಿತು. ಬದಲಿ ಪಿನ್ ಟೂಲ್ ಕಿಟ್‌ನಲ್ಲಿ ಬರಬೇಕಿತ್ತು. ಡಬ್ಬಿಯನ್ನು ಅಂಗಡಿಯಲ್ಲೇ ತೆರೆದು ಕೊಟ್ಟಿದ್ದ, ಕಿಟ್ ಒಳಗೆ ಇರಲೇ ಇಲ್ಲ. ಹುಟ್ಟುಗಳು ಜೊತೆಗಿದ್ದವು, ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದೆವು, ಹಾಗಾಗಿ ದಡ ಸೇರಿದೆವು. ಅಂಗೈ ಸುಲಿದು ಹೋಯಿತು. ಮೋಟಾರ್ ಇದೆಯಲ್ಲ ಅಂತ ಹುಟ್ಟುಗಳನ್ನು ಮನೆಯಲ್ಲಿ ಬಿಟ್ಟು ಹೋಗುವವರನ್ನು ನೋಡಿದ್ದೇನೆ. ಬೇಡ ಕಣ್ರೀ.

ವಾಪಸ್ ತಗೋ ಅಂದರೆ ‘ನೀರಿಗಿಳಿದ ಮೋಟಾರ್ ವಾಪಸ್ ಇಲ್ಲ’ ಅಂದ. ಬೇಕಾದರೆ ಹಲಗೆಯ ಮೇಲೆ ಒಂದು ಮರದ ತುಂಡು ಇಟ್ಟು ಮೋಟಾರನ್ನು ಎತ್ತರಿಸಿ ಅಂತ ಪುಕ್ಕಟೆ ಸಲಹೆ ಬೇರೆ. ದಯವಿಟ್ಟು ಇದನ್ನು ಮಾಡಬೇಡಿ. ಕ್ಲಾಂಪ್ ಹಿಡಿಯುವುದು ಆ ತುಂಡನ್ನು, ಹಲಗೆಯನ್ನಲ್ಲ. ಅದು ಕಿತ್ತುಕೊಂಡರೆ ತಿರುಗುತ್ತಿರುವ ಪ್ರೊಪೆಲ್ಲರಿನ ಸಮೇತ ಮೋಟಾರ್ ನೀರಿಗೆ. ಸರಿಯಾದ ಮೋಟಾರ್ ಇದ್ದರೂ ಅದನ್ನು ಒಂದು ಹಗ್ಗದಿಂದ ದೋಣಿಗೆ ಕಟ್ಟಿರಬೇಕು. ಕ್ಲಾಂಪಿನ ತಿರುಪು ನಡುಗಿ ನಡುಗಿ ಸಡಿಲವಾಗುತ್ತೆ, ನಡುವೆ ಒಮ್ಮೆ ಬಿಗಿ ಮಾಡಿ. ಎಳೆದ ಕೂಡಲೇ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಓಡಿಸುವವರ ಮೈಗೆ ಸಿಕ್ಕಿಸಿಯೇ ಇರಲಿ.

ಅಂಗಡಿಯ ಹುಡುಗರು ಮಾಡಿದ ಇನ್ನೊಂದು ಘನಕಾರ್ಯ: ಮೋಟಾರನ್ನು ಕಾರಿನಲ್ಲಿ ತಪ್ಪು ಮಗ್ಗುಲಿಗೆ ಮಲಗಿಸಿದ್ದು. ಫೋರ್ ಸ್ಟ್ರೋಕ್‌ನಲ್ಲಿ ಎಂಜಿನ್ ಆಯಿಲ್ ಒಳಗೇ ನಿಂತಿರುತ್ತೆ. ಯಾವ ಬದಿಗೆ ಮಲಗಿಸಬೇಕು ಅಂತ ಕೈಪಿಡಿಯಲ್ಲಿ ಇರುತ್ತೆ, ಎಷ್ಟೋ ಸಲ ಮೋಟಾರಿನ ಮೇಲೇ ಗುರುತು ಇರುತ್ತೆ. ಬೇರೆ ಬದಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತೆ. ಮೊದಲ ಸಲ ಹಗ್ಗ ಎಳೆದಾಗ ಸ್ಟಾರ್ಟೇ ಆಗಲಿಲ್ಲ. ಪ್ಲಗ್ ಬಿಚ್ಚಿದರೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಒರೆಸಿ ಹಾಕಿದ ಮೇಲೆ ನೀಲಿ ಹೊಗೆ ಬಿಟ್ಟುಕೊಂಡು ಎದ್ದಿತು.

‘ಹಾರುತ್ತೆ ಸಾರ್’ ಅಂತಲೂ ಅಂದಿದ್ದ. ಈ ಅಳತೆಯ ದೋಣಿಯಲ್ಲಿ ನಾಲ್ಕು ಜನ ಕೂತರೆ 3.5 ಎಚ್‌ಪಿಗೆ ಹಾರುವುದೆಲ್ಲ ಆಗುವುದಿಲ್ಲ. ಗಂಟೆಗೆ ಆರೇಳು ಕಿಲೋಮೀಟರ್ ಹೋದರೆ ಅದೇ ಸರಿಯಾದ ವೇಗ. ಕುಟುಂಬದ ಜೊತೆ ಸುತ್ತಲು ಅಷ್ಟು ಸಾಕು ಕೂಡ. ಎಲೆಕ್ಟ್ರಿಕ್ ತಗೊಳ್ಳಲೇ ಅಂತ ಕೇಳುವವರಿಗೆ: ಗಾಳಿ ಇಲ್ಲದ ಚಿಕ್ಕ ಕೆರೆಗೆ ಅದೇ ಚೆಂದ, ಸದ್ದಿಲ್ಲ, ವಾಸನೆ ಇಲ್ಲ. ಆದರೆ 55 ಪೌಂಡ್ ತಳ್ಳುವ 12 ವೋಲ್ಟ್ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತೆ. 100 ಆಂಪಿಯರ್ ಅವರ್‌ನ ಲೆಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಅದು ಬೇಗ ಹಾಳು. ಅಂದರೆ ಪೂರ್ತಿ ವೇಗದಲ್ಲಿ ಕೈಗೆ ಸಿಗುವುದು ಒಂದು ಗಂಟೆ. ಆ ಬ್ಯಾಟರಿಯ ತೂಕ ಪೆಟ್ರೋಲ್ ಮೋಟಾರಿಗಿಂತಲೂ ಜಾಸ್ತಿ.

ಅಂಗಡಿಗೆ ಹೋಗುವ ಮುಂಚೆ ದೋಣಿಗೆ ಗಾಳಿ ತುಂಬಿ. ಕ್ಲಾಂಪ್ ಕೂರುವ ಹಲಗೆಯ ಮೇಲಂಚಿನಿಂದ ತಳದವರೆಗೆ ನೇರವಾಗಿ ಅಳೆಯಿರಿ. ಅಂಗಡಿಯಲ್ಲಿ ಕ್ಲಾಂಪ್ ಬ್ರಾಕೆಟ್ಟಿನ ಒಳಮೂಲೆಯಿಂದ ಆ ಚಪ್ಪಟೆ ಪ್ಲೇಟಿನವರೆಗೆ ನಿಮ್ಮದೇ ಟೇಪ್ ಹಿಡಿಯಿರಿ. ಮಾರುವವನ ಬಾಯಿಮಾತು ಬೇಡ. ನಮ್ಮ ಬಿಲ್ಲಿನಲ್ಲಿ ಬರೀ ‘3.5 ಎಚ್‌ಪಿ’ ಅಂತ ಇತ್ತು, ಜಗಳಕ್ಕೆ ಹೋದಾಗ ಅದೇ ಅವನ ಆಸರೆ ಆಯಿತು. ಬಿಲ್ಲಿನಲ್ಲಿ ‘ಶಾರ್ಟ್ ಶಾಫ್ಟ್, 15 ಇಂಚು’ ಅಂತ ಬರೆಸಿಕೊಳ್ಳಿ, ಜೊತೆಗೆ ದೋಣಿಯ ಮಾಡೆಲ್ ಕೂಡ. ಬರೆಯಲ್ಲ ಅಂದರೆ ಬೇರೆ ಅಂಗಡಿ ನೋಡಿ.