ಆರು ವರ್ಷಗಳ ಬಳಕೆಯ ನಂತರ: ಕಡಿತಲೆಗೆ ವೈಮಾನಿಕ ಲೇಸರ್ ಸ್ಕ್ಯಾನಿಂಗ್

ವಿಮಾನದಿಂದ ಲೇಸರ್ ಬೆಳಕು ಹಾಯಿಸಿ ಕಾಡನ್ನು ಅಳೆಯುವ ಈ ಸೇವೆಯನ್ನು ನಾನು ಪಡೆದದ್ದು ತೋಪಿನಲ್ಲಿ ನಾಟಾ ಎಷ್ಟಿದೆ ಎಂದು ತಿಳಿಯಲು. ಆರು ವರ್ಷಗಳ ಮೇಲೆ ನಾನು ಹೆಚ್ಚು ತೆರೆದು ನೋಡುತ್ತಿರುವುದು ನೆಲದ ನಕ್ಷೆಯನ್ನು.

ವಿಮಾನದಿಂದ ಹೊರಟ ಲೇಸರ್ ಮಿಡಿತಗಳಲ್ಲಿ ಕೆಲವು ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಮರಳುತ್ತವೆ. ಅವನ್ನಷ್ಟೇ ಆರಿಸಿ ಜೋಡಿಸಿದರೆ ಕಾಡಿನ ಹೊದಿಕೆ ಸರಿಸಿದಂತೆ ನೆಲದ ಉಬ್ಬುತಗ್ಗು ಕಾಣುತ್ತದೆ. ವರ್ಷಗಟ್ಟಲೆ ಓಡಾಡಿದ್ದರೂ ನನ್ನ ಕಣ್ಣಿಗೆ ಬೀಳದ ಒಂದು ನೀರಿನ ಜಾಡು ಅಲ್ಲಿತ್ತು. ದಿಮ್ಮಿ ಎಳೆಯುವ ದಾರಿಯನ್ನು ನಾವು ಸರಿಯಾಗಿ ಅದರ ಮೇಲೆಯೇ ಗುರುತಿಸಿದ್ದೆವು! ಭಾರದ ಯಂತ್ರ ಇಳಿದಿದ್ದರೆ ಮಣ್ಣು ಕಲಸಿ, ಉಳಿಸಬೇಕಾದ ಮರಗಳ ಬೇರು ತುಳಿದು, ಕೆಸರೆಲ್ಲ ತೊರೆ ಸೇರುತ್ತಿತ್ತು. ದಾರಿಯನ್ನು ಮೇಲಿನ ಇಳಿಜಾರಿಗೆ ಬದಲಿಸಿದೆವು.

ನಾಟಾ ಅಂದಾಜಿನ ವಿಷಯ ಬೇರೆ. ಮರದ ಎತ್ತರ ಚೆನ್ನಾಗಿಯೇ ಸಿಗುತ್ತದೆ, ಮಿಡಿತಗಳು ಮರದ ತುದಿಯನ್ನು ತಪ್ಪಿಸಿ ಅದರ ಪಕ್ಕದ ತಗ್ಗಿನ ಕೊಂಬೆಗಳಿಗೆ ಬಡಿಯುವುದರಿಂದ ತುಸು ಕಡಿಮೆ ತೋರುತ್ತದೆ ಅಷ್ಟೇ. ಆದರೆ ಮೇಲಿನಿಂದ ಕಾಂಡದ ದಪ್ಪ ಅಳೆಯಲಾಗದು. ನೆಲದ ಮೇಲೆ ಮಾದರಿ ತಾಕುಗಳಲ್ಲಿ, ಅಂದರೆ ಅಳತೆಗೆಂದು ಆರಿಸಿದ ಸಣ್ಣ ತುಂಡು ಜಾಗಗಳಲ್ಲಿ, ನಾವು ಅಳೆದ ಮರಗಳಿಂದಲೇ ಆ ಲೆಕ್ಕ ಹುಟ್ಟಬೇಕು. ಮೊದಲ ಸಲ ಖರ್ಚು ಉಳಿಸಲು ತಾಕುಗಳನ್ನು ರಸ್ತೆಯ ಪಕ್ಕದಲ್ಲೇ ಹಾಕಿದೆವು. ಒಳಗಿನ ಹಳೆಯ ಮರಗಳ ಅಂದಾಜು ಕಡಿದಾಗ ಸಿಕ್ಕ ನಾಟಾಕ್ಕೆ ಹೊಂದಲಿಲ್ಲ. ಎರಡನೇ ಸಲ ಹಳೆಯ ಎತ್ತರದ ನಕ್ಷೆಯನ್ನೇ ಮುಂದಿಟ್ಟುಕೊಂಡು ಗಿಡ್ಡ, ಎತ್ತರ, ದಟ್ಟ, ವಿರಳ ಎಲ್ಲ ಕಡೆ ತಾಕು ಹಾಕಿದೆವು. ತಾಕಿನ ನಡುಬಿಂದು ಗುರುತಿಸಲು ಸರ್ವೆಯವರು ಬಳಸುವ ಜಿಪಿಎಸ್ ಉಪಕರಣವೇ ಬೇಕು. ಮರಗಳ ಕೆಳಗೆ ಮೊಬೈಲ್ ನಂಬಿದರೆ ಹಲವು ಮೀಟರ್ ತಪ್ಪಿ, ಒಂದು ಕಡೆಯ ಅಳತೆ ಇನ್ನೊಂದು ಕಡೆಯ ಮರಗಳಿಗೆ ಅಂಟಿಕೊಳ್ಳುತ್ತದೆ.

ಟೊಳ್ಳು ಮರ, ದೊಡ್ಡ ಮರದ ನೆರಳಿನ ಸಸಿಗಳು, ಬೆರೆತು ಬೆಳೆದ ಜಾತಿಗಳು: ಇವಕ್ಕೆ ಕಾಲ್ನಡಿಗೆಯೇ ಗತಿ. ಕಡಿಯಲು ಯಾವ ಮರಕ್ಕೆ ಗುರುತು ಹಾಕಬೇಕೆಂಬುದನ್ನು ನಾನು ಇಂದಿಗೂ ಪರದೆ ನೋಡಿ ತೀರ್ಮಾನಿಸುವುದಿಲ್ಲ.

ಬಿರುಗಾಳಿಗೆ ಉರುಳಿದ ಮರಗಳು ಹಳೆಯ ನಕ್ಷೆಯಲ್ಲಿ ಇನ್ನೂ ನಿಂತೇ ಇರುತ್ತವೆ, ಹಾಗಾಗಿ ಅಂಥ ಜಾಗಗಳನ್ನು ನಾವೇ ತಿದ್ದಿಕೊಳ್ಳುತ್ತೇವೆ. ನೆಲ ಇನ್ನೂ ಸ್ಪಷ್ಟವಾಗಿ ಕಾಣಲೆಂದು ಮುಂದಿನ ಹಾರಾಟವನ್ನು ಎಲೆ ಉದುರಿದ ಕಾಲಕ್ಕೆ ಕೇಳಿದ್ದೇನೆ. ಎಲೆ ತುಂಬಿದ್ದಾಗ ಕಟ್ಟಿದ ಲೆಕ್ಕ ಆಗ ಹೊಂದುವುದಿಲ್ಲವಾದ್ದರಿಂದ ತಾಕುಗಳನ್ನು ಹೊಸದಾಗಿ ಅಳೆಯುವ ಕೆಲಸ ಈಗಾಗಲೇ ಶುರುವಾಗಿದೆ.