36 ಥ್ರೆಡ್‌ಗಳಿಗೆ ಮರುಳಾದೆ: ಹಳೆಯ ಸರ್ವರ್ ಪ್ರೊಸೆಸರ್ ಕೊಳ್ಳುವ ಮುನ್ನ ಓದಿ

ಸರ್ವರ್‌ನಿಂದ ಕಳಚಿದ ಪ್ರೊಸೆಸರೊಂದನ್ನು ಅಗ್ಗಕ್ಕೆ ತಂದು ಮನೆಯ ಕಂಪ್ಯೂಟರಿಗೆ ಹಾಕಿಕೊಳ್ಳುವ ಯೋಚನೆ ನಿಮಗಿದ್ದರೆ, ಹಣ ಕಳುಹಿಸುವ ಮುನ್ನ ಹತ್ತು ನಿಮಿಷ ತಡೆಯಿರಿ. ನಾನು ತಡೆಯಲಿಲ್ಲ. ನಾಲ್ಕು ತಿಂಗಳ ಕೆಲಸ ಹದಗೆಟ್ಟಿತು.

ನನ್ನದು ಪುಸ್ತಕಗಳ ಪುಟ ವಿನ್ಯಾಸದ ಕೆಲಸ. ಪುಟ ಜೋಡಿಸುವುದು, ಚಿತ್ರ ತಿದ್ದುವುದು, ಕೊನೆಗೆ ಅಚ್ಚಿಗೆ ಪಿಡಿಎಫ್ ತೆಗೆಯುವುದು. ಹಳೆಯ ಯಂತ್ರ ಸೋತಾಗ ಎರಡು ದಾರಿಗಳಿದ್ದವು. ಒಂದು, 2022ರ ಆರಂಭದಲ್ಲಿ ಬಂದ ಇಂಟೆಲ್ ಕೋರ್ ಐ3-12100. ಕಡಿಮೆ ಬೆಲೆಯ ಸಾಲಿನ ಚಿಪ್, 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಇನ್ನೊಂದು, 2014ರ ಜಿಯಾನ್ ಇ5-2699 ವಿ3, ಇಂಟೆಲ್‌ನದೇ ಸರ್ವರ್ ಚಿಪ್. 18 ಕೋರ್, 36 ಥ್ರೆಡ್, 45 ಎಂಬಿ ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ). ಹೊಸದಾಗಿದ್ದಾಗ ದೊಡ್ಡ ಸಂಸ್ಥೆಗಳು ಮಾತ್ರ ಕೊಳ್ಳುತ್ತಿದ್ದ ಇಂಥ ಚಿಪ್‌ಗಳು, ಸರ್ವರ್‌ಗಳನ್ನು ಬದಲಿಸಿದಾಗ ರಾಶಿ ರಾಶಿಯಾಗಿ ಹೊರಬಂದು ಮೂಲ ಬೆಲೆಯ ಸಣ್ಣ ಪಾಲಿಗೆ ಮಾರಾಟವಾಗುತ್ತವೆ.

ಪ್ರೊಸೆಸರ್‌ಗಳ ವೇಗಕ್ಕೆ ಅಂಕ ಕೊಡುವ ಹೋಲಿಕೆಯ ಪಟ್ಟಿಯಲ್ಲಿ ಜಿಯಾನ್‌ನ ಒಟ್ಟು ಅಂಕ ಐ3ರದ್ದಕ್ಕಿಂತ ಬಹಳ ಮೇಲಿತ್ತು. ಆ ಅಂಕ ಸುಳ್ಳಲ್ಲ. ಆದರೆ ಅದು 18 ಕೋರ್‌ಗಳೂ ಒಟ್ಟಿಗೆ ದುಡಿದಾಗ ಬರುವ ಅಂಕ. ಅದರ ಕೆಳಗೇ ಒಂದು ಕೋರಿನ ಅಂಕವೂ ಇತ್ತು, ಅಲ್ಲಿ ಐ3 ಮುಂದಿತ್ತು. ನಾನು ಅದನ್ನು ಓದಲೇ ಇಲ್ಲ. 18ರ ಮುಂದೆ 4 ಎಂಬ ಅಂಕಿ ಕಂಡೊಡನೆ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು.

ಯಂತ್ರ ಜೋಡಿಸಿ ಮುನ್ನೂರು ಪುಟಗಳ ಕಡತವೊಂದನ್ನು ತೆರೆದ ದಿನವೇ ತಪ್ಪು ಗೊತ್ತಾಯಿತು. ಎರಡನೆಯ ಅಧ್ಯಾಯದಲ್ಲಿ ಒಂದು ಸಾಲು ಸೇರಿಸಿದರೆ ಪರದೆ ಹೆಪ್ಪುಗಟ್ಟಿದಂತೆ ನಿಲ್ಲುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಶೇ. 3! ಯಂತ್ರ ಬಿಡುವಾಗಿದೆ, ಆದರೂ ನಾನು ಕಾಯುತ್ತಿದ್ದೇನೆ. ತಂತ್ರಾಂಶವೇ ಕೆಟ್ಟಿದೆಯೆಂದು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಆಮೇಲೆ ಲೆಕ್ಕ ಹೊಳೆಯಿತು: 100ನ್ನು 36ರಿಂದ ಭಾಗಿಸಿದರೆ 2.8. ಒಂದೇ ಒಂದು ಥ್ರೆಡ್ ಉಸಿರುಗಟ್ಟಿ ದುಡಿಯುತ್ತಿತ್ತು, ಉಳಿದ 35 ಸುಮ್ಮನಿದ್ದವು.

ಇದರಲ್ಲಿ ತಂತ್ರಾಂಶದ ತಪ್ಪೇನೂ ಇಲ್ಲ. ಮೊದಲ ಪುಟದ ಕೊನೆಯ ಸಾಲು ಎಲ್ಲಿ ಮುರಿಯುತ್ತದೆ ಎಂದು ತಿಳಿಯದೆ ಎರಡನೆಯ ಪುಟ ಶುರುವಾಗಲಾರದು, ಎರಡನೆಯದು ಮುಗಿಯದೆ ಮೂರನೆಯದಿಲ್ಲ. ಸರತಿಯಲ್ಲೇ ಆಗಬೇಕಾದ ಕೆಲಸವನ್ನು ಹದಿನೆಂಟು ಜನರಿಗೆ ಹಂಚಲಾಗುವುದಿಲ್ಲ. ಹಂಚಲಾಗದ ಪಾಲು ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ ಎಂಬ ವಾದವನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಮುಂದಿಟ್ಟಿದ್ದರು.

ಇನ್ನು ಆ ಒಂದು ಕೋರ್ ಎಷ್ಟು ಚುರುಕು? ಜಿಯಾನ್‌ನ ಮೂಲ ವೇಗ 2.3 ಗಿಗಾಹರ್ಟ್ಸ್, ಕೆಲವೇ ಕೋರ್‌ಗಳು ದುಡಿಯುವಾಗ ಹೆಚ್ಚೆಂದರೆ 3.6. ಐ3 4.3ರವರೆಗೆ ಹೋಗುತ್ತದೆ. ಅಂತರ ಇಷ್ಟೇ ಎಂದುಕೊಳ್ಳಬೇಡಿ. ಇವೆರಡರ ನಡುವೆ ಏಳು ವರ್ಷಗಳ ವಿನ್ಯಾಸದ ಸುಧಾರಣೆಯಿದೆ, ಹೊಸ ಕೋರ್ ಪ್ರತಿ ಗಡಿಯಾರ ಬಡಿತಕ್ಕೂ ಹೆಚ್ಚು ಕೆಲಸ ಮುಗಿಸುತ್ತದೆ. ಗೆಳೆಯನೊಬ್ಬನ ಐ3 ಯಂತ್ರದಲ್ಲಿ ಅದೇ ಕಡತ ತೆರೆದು ಅದೇ ಸಾಲು ಸೇರಿಸಿ ನೋಡಿದೆ. ಕಾಯುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆ ಸಂಜೆ ನನಗೆ ನಿಜಕ್ಕೂ ಸಂಕಟವಾಯಿತು.

ಚಿಪ್ ಅಗ್ಗ, ಸರಿ. ಸುತ್ತಲಿನದು? ಮೂಗಿಗಿಂತ ಮೂಗುತಿ ಭಾರ. ಮದರ್‌ಬೋರ್ಡ್‌ಗೆ ಎಲ್‌ಜಿಎ 2011-3 ಎಂಬ ಸಾಕೆಟ್ (ಚಿಪ್ ಕೂರುವ ಜಾಗ) ಬೇಕು. ಎಲ್‌ಜಿಎ 2011 ಎಂದಷ್ಟೇ ಬರೆದಿರುವ ಹಳೆಯ ಬೋರ್ಡ್ ಬೇರೆಯದೇ, ಸಂಪರ್ಕ ಬಿಂದುಗಳ ಸಂಖ್ಯೆ ಒಂದೇ ಆದರೂ ಈ ಚಿಪ್ ಅದರಲ್ಲಿ ನಡೆಯುವುದಿಲ್ಲ. ಕೂಲರ್ ಕೂರಿಸುವ ರಂಧ್ರಗಳಲ್ಲೂ ಎರಡು ಬಗೆ: 80×80 ಮಿ.ಮೀ. ಚೌಕ ಮತ್ತು 56×94 ಮಿ.ಮೀ. ಕಿರಿದಾದದ್ದು. ಮೊದಲು ತರಿಸಿದ ಕೂಲರನ್ನು ನಾನು ಇದೇ ಕಾರಣಕ್ಕೆ ಹಿಂದಿರುಗಿಸಿದೆ. ಅಗ್ಗವೆಂದು ಕೊಂಡ ಸರ್ವರ್ ಮೆಮೊರಿ ರಿಜಿಸ್ಟರ್ಡ್ ಬಗೆಯದು, ಮುಂದೆ ಸಾಮಾನ್ಯ ಡೆಸ್ಕ್‌ಟಾಪ್‌ಗೆ ಹಾಕಲು ಬರುವುದಿಲ್ಲ. ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಕಪ್ಪು ಪರದೆ! ಈ ಜಿಯಾನ್‌ನೊಳಗೆ ಗ್ರಾಫಿಕ್ಸ್ ಇಲ್ಲವೆಂಬುದು ನನಗೆ ತಿಳಿದದ್ದು ಆಗಲೇ. ಐ3-12100ರಲ್ಲಿ ಅದು ಒಳಗೇ ಇದೆ (ಹೆಸರಿನ ಕೊನೆಗೆ ‘ಎಫ್’ ಇದ್ದರೆ ಇಲ್ಲ, ಅದನ್ನೂ ಗಮನಿಸಿ). ವಿದ್ಯುತ್ತಿನ ಲೆಕ್ಕದಲ್ಲಿ ಜಿಯಾನ್‌ನದು 145 ವ್ಯಾಟ್, ಐ3ಯದು ಮೂಲ 60, ಗರಿಷ್ಠ 89.

ನನ್ನನ್ನು ಹೆಚ್ಚು ಹಣ್ಣು ಮಾಡಿದ್ದು ಬೋರ್ಡ್. ಹೆಸರು ಕೇಳಿರದ ತಯಾರಕರದು. ನಿದ್ರೆಗೆ ಕಳುಹಿಸಿದರೆ ಮತ್ತೆ ಏಳುತ್ತಿರಲಿಲ್ಲ. ಯಂತ್ರವನ್ನು ಚಾಲೂ ಮಾಡುವ, ಬೋರ್ಡ್‌ನೊಳಗಿನ ತಂತ್ರಾಂಶವಾದ ಬಯಾಸ್‌ಗೆ ಹೊಸ ಆವೃತ್ತಿ ಎಲ್ಲಿಯೂ ಸಿಗಲಿಲ್ಲ. ಮೂರನೆಯ ತಿಂಗಳಲ್ಲಿ, ಲೇಖಕಿಯೊಬ್ಬರ ಕರಡು ತಿದ್ದುತ್ತಿದ್ದಾಗ, ಒಂದು ಮೆಮೊರಿ ಸ್ಲಾಟ್ ಸತ್ತು ಯಂತ್ರ ಉರುಳಿತು. ಮಧ್ಯಾಹ್ನದಿಂದ ಹಾಕಿದ್ದ ತಿದ್ದುಪಡಿಗಳೆಲ್ಲ ಹೋದವು. ಅವರಿಗೆ ಫೋನ್ ಮಾಡಿ ‘ಇನ್ನೆರಡು ದಿನ ಬೇಕು’ ಎಂದು ಹೇಳುವಾಗ ನಾಲಿಗೆ ಏಳಲಿಲ್ಲ. ಮಾರಿದವನಿಗೆ ಮೂರು ಸಲ ಬರೆದೆ, ಉತ್ತರವಿಲ್ಲ.

ಇನ್ನೊಂದು ಬಾಗಿಲೂ ಮುಚ್ಚಿದೆ. ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಈ ತಲೆಮಾರು ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಬಳಸುವವರಿಗೆ ಈ ತೊಡಕಿಲ್ಲ.

ಆ ಚಿಪ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೂರು ಆಯಾಮದ ಚಿತ್ರಗಳ ರೆಂಡರಿಂಗ್, ದೊಡ್ಡ ತಂತ್ರಾಂಶಗಳ ಕಂಪೈಲ್, ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವುದು ನಿಮ್ಮ ದಿನನಿತ್ಯದ ಕೆಲಸವಾದರೆ ಅದರ ಮುಂದೆ ನಾಲ್ಕು ಕೋರ್‌ಗಳ ಐ3 ನಿಲ್ಲುವುದಿಲ್ಲ. ನಾಲ್ಕು ಮೆಮೊರಿ ಚಾನೆಲ್‌ಗಳು, 40 ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು (ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳಿಗೆ ಮಾಹಿತಿ ಸಾಗುವ ದಾರಿಗಳು) ಇರುವುದು ಇಂಥ ಹೊರೆಗೇ. ಪುಟ ವಿನ್ಯಾಸ, ಬ್ರೌಸರ್, ಲೆಕ್ಕದ ಹಾಳೆ, ಬಹುಪಾಲು ಆಟಗಳು ಆ ಬಗೆಯವಲ್ಲ.

ಈಗಿರುವ ಯಂತ್ರದಲ್ಲೇ ಒಂದು ಪರೀಕ್ಷೆ ಮಾಡಿ. ನಿಮ್ಮನ್ನು ಅತಿ ಹೆಚ್ಚು ಕಾಯಿಸುವ ಕೆಲಸ ಶುರು ಮಾಡಿ, ಕಾಯುವಾಗ ಪ್ರೊಸೆಸರ್‌ನ ಒಟ್ಟು ಬಳಕೆ ನೋಡಿ. 100ನ್ನು ನಿಮ್ಮ ಥ್ರೆಡ್‌ಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿಯ ಆಸುಪಾಸಿನಲ್ಲೇ ಅದು ನಿಂತಿದ್ದರೆ, ಹೆಚ್ಚು ಕೋರ್ ಕೊಂಡು ಪ್ರಯೋಜನವಿಲ್ಲ. ಶೇ. 100ರ ಹತ್ತಿರ ಏರಿದರೆ ಮಾತ್ರ ಸರ್ವರ್ ಚಿಪ್‌ನ ಮಾತು.

ಆಗಲೂ ಕೊಳ್ಳುವ ಮುನ್ನ ಚಿಪ್‌ನ ಮೇಲ್ಭಾಗದ ಸ್ಪಷ್ಟ ಫೋಟೊ ಕೇಳಿ. ಈ ತಲೆಮಾರಿನ ಮಾರಾಟದ ಜಿಯಾನ್‌ಗಳ ಮೇಲೆ ‘ಎಸ್‌ಆರ್’ ಎಂದು ಶುರುವಾಗುವ ಸಂಕೇತವಿರುತ್ತದೆ. ‘ಕ್ಯೂ’ ಎಂದು ಶುರುವಾಗಿದ್ದರೆ, ‘ಇಂಟೆಲ್ ಕಾನ್ಫಿಡೆನ್ಶಿಯಲ್’ ಎಂದಿದ್ದರೆ, ಅದು ಪರೀಕ್ಷೆಗೆಂದು ತಯಾರಾದ ಮಾದರಿ, ಬಿಟ್ಟುಬಿಡಿ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಸರ್ವರ್ ಚಿಪ್ ಆದ ಎಪಿಕ್ ಹುಡುಕುತ್ತಿರುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಅದು ಮೊದಲು ಯಾವ ತಯಾರಕರ ಸರ್ವರ್‌ನಲ್ಲಿತ್ತು? ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಯಡಿ ಕೆಲವು ಎಪಿಕ್ ಚಿಪ್‌ಗಳು ಒಬ್ಬ ತಯಾರಕರ ಬೋರ್ಡ್‌ಗಳಿಗೆ ಶಾಶ್ವತವಾಗಿ ಬಿಗಿಯಲ್ಪಟ್ಟಿರುತ್ತವೆ, ಬೇರೆಯವರ ಬೋರ್ಡ್‌ನಲ್ಲಿ ಬೂಟ್ ಆಗುವುದಿಲ್ಲ. ಮಾರುವವರು ಇದಕ್ಕೆ ನೇರ ಉತ್ತರ ಕೊಡದಿದ್ದರೆ ಕೊಳ್ಳಬೇಡಿ.